ಇನ್ನೂರರವರೆಗೆ

ಗುಡುಗಿತು. ಆಕಾಶ ನೋಡಿದರೆ ನಕ್ಷತ್ರ.
ಆಮೇಲೆ ತಿಳಿಯಿತು, ಸದ್ದು ಕಾಲ ಕೆಳಗಿನದು.
ಅಟ್ಟದ ಮೇಲಿದ್ದ ಹಿತ್ತಾಳೆ ಬಿಂದಿಗೆ
ತಾನೇ ಇಳಿದು ಬಂದಿತ್ತು ಅಡುಗೆಮನೆಗೆ.

ಜೀಪು ಬಂತು, ಮೈಕು ಹೇಳಿತು:
ಗಾಬರಿ ಬೇಡ, ಒಳಗೆ ಮಲಗಲೂ ಬೇಡ.
ಸಾವಿರದೈನೂರು ಅಡಿ ಕೊರೆದರೆ ಸುಮ್ಮನಿರ್ತಾಳಾ ಅವಳು,
ಅಂದ ಗುರ್ರಪ್ಪ, ಮೂರು ಬೋರ್‌ವೆಲ್ ಹಾಕಿಸಿದವನು.

ಭಾನುವಾರ ಚಿನ್ನಿಗೆ ಕಿವಿ ಚುಚ್ಚಿಸೋದಿತ್ತು.
ಶಿಡ್ಲಘಟ್ಟದ ಬಾಬಾಜಾನ್‌ಗೆ ಶಾಮಿಯಾನದ ಅಡ್ವಾನ್ಸು ಕೊಟ್ಟಾಗಿತ್ತು.
ಬೇಡಪ್ಪ ಅಂತ ಫೋನು ಮಾಡಿದರೆ
ಗುರುವಾರವೇ ತಂದು ಕಟ್ಟಿದ,
ಬಾಡಿಗೆ ಆಮೇಲೆ ನೋಡೋಣ ಅಂತ.
ಊಟಕ್ಕೆ ಕೂರಬೇಕಿದ್ದ ಬೀದಿ ಅದರಡಿ ಮಲಗಿತು,
ಸೊಸೆಯರೊಂದು ಕಡೆ, ಮಾವಂದಿರೊಂದು ಕಡೆ,
ನಡುವೆ ನಾರೆಮ್ಮನ ಕರು.

ಎಲ್ಲರೂ ಹೊರಗೆ. ಹುಳು ಒಳಗೆ.
ನಾಲ್ಕನೇ ಜ್ವರ ಬಿಟ್ಟ ಹುಳುವಿಗೆ
ಭೂಮಿ ನಡುಗಿದರೇನು, ಹಸಿವು ಹಸಿವೇ.
ನಡುರಾತ್ರಿ ಟಾರ್ಚು ಕಚ್ಚಿಕೊಂಡು, ಸೊಪ್ಪಿನ ಹೊರೆ ತಬ್ಬಿ
ಒಳಗೆ ಹೋಗುತ್ತೇನೆ.
ಅಂಗಳದಲ್ಲಿ ಅತ್ತೆ ಎಣಿಸುತ್ತಾರೆ, ಒಂದು, ಎರಡು...
ಇನ್ನೂರಾದರೆ ನಾನು ಹೊರಗಿರಬೇಕು, ಅದು ಕರಾರು.
ನಿದ್ದೆ ಬಂದರೆ ನಲವತ್ತನ್ನು ಎರಡು ಸಲ ಹೇಳುತ್ತಾರೆ,
ನಾನು ತಿದ್ದುವುದಿಲ್ಲ.

ಗೋಡೆಯ ಬಿರುಕಿಗೆ ಬೆಂಕಿಕಡ್ಡಿ ಸಿಕ್ಕಿಸಿದ್ದೆ, ಗುರುತಿಗೆ.
ಎರಡು ದಿನ ನಿಂತಿತು.
ಮೂರನೇ ದಿನ ನೆಲದ ಮೇಲಿತ್ತು.
ಯಾರಿಗೂ ಹೇಳಲಿಲ್ಲ, ಹುಳು ಇನ್ನೂ ಹಣ್ಣಾಗಿರಲಿಲ್ಲ.

ಚಂದ್ರಿಕೆಗೆ ಬಿಟ್ಟು ಮೂರು ದಿನ ಇವತ್ತಿಗೆ.
ಹೊರಗೆ ನೂರಾ ಎಂಬತ್ತು ಕೇಳಿಸಿತು.
ಟಾರ್ಚು ತಿರುಗಿಸಿದೆ:
ತಪ್ಪಿಸಿಕೊಂಡ ಒಂದು ಹುಳು
ಬಿರುಕಿನೊಳಗೇ ಗೂಡು ಕಟ್ಟಿದೆ,
ಅಳತೆ ಕೊಟ್ಟು ಹೊಲಿಸಿದ ಹಾಗೆ.