ನೀಲಿ ಗೌನು

ಹದಿನೇಳು ವರ್ಷ ಅವಳ ಬೆನ್ನಿನ ಗುಂಡಿ ಹಾಕಿದವಳು ನಾನು.
ಪತ್ರಿಕೆಯವರಿಗೆ ಒಮ್ಮೆ ಮಾರ್ಟಿನಿಕ್‌ನವಳು,
ಒಮ್ಮೆ ಯಾವುದೋ ರಾಜನ ಮೊಮ್ಮಗಳು.
ನನ್ನ ಕೈಯಿಂದ ಇಸ್ತ್ರಿಪೆಟ್ಟಿಗೆ ಕಸಿದು
ತಾನೇ ನೆರಿಗೆ ತಿದ್ದಿದ ದಿನ ತಿಳಿಯಿತು:
ಜಾರ್ಜಿಯಾ. ಅಗಸಗಿತ್ತಿಯ ಮಗಳು.

ಪ್ಯಾರಿಸ್ ಮುಂಬಾಗಿಲು ತೆರೆಯಿತು, ಸುಳ್ಳಲ್ಲ.
ಒಳಗೆ ಬಂದವಳ ಕೈಗೆ ಚಿರತೆಯ ಚರ್ಮ ಕೊಟ್ಟಿತು.
ಉಟ್ಟಳು, ಕುಣಿದಳು,
ದುಡ್ಡು ಎರಡೆರಡು ಸಲ ಎಣಿಸಿದಳು.

ಪೋಸ್ಟರಿನಲ್ಲಿ ಮದಾಮ್ ಜೂನೋ.
ಕಾಗದದಲ್ಲಿ ಮಾತ್ರ
'ಪ್ರೀತಿಯ ಲೂವೆನಿಯಾ ಚಿಕ್ಕಮ್ಮ,
ಬೂಟು ಸರಿಹೋಯಿತು.'
ಅವಳ ಅಕ್ಕನನ್ನೇ ಅಮ್ಮನೆಂದು ನಂಬಿದ ಹುಡುಗ.
ಓದಿ, ಮಡಿಸಿ, ಕನ್ನಡಿಯ ಹಿಂದೆ ಸಿಕ್ಕಿಸಿ
ನನ್ನತ್ತ ಬಾಚಣಿಗೆ ಎಸೆಯುತ್ತಿದ್ದಳು.

ನಿನ್ನೆ ಸಾಲ ಕೊಟ್ಟವರು ಎಲ್ಲ ಹರಾಜು ಹಾಕಿದರು.
ಮೂರು ತಿಂಗಳ ಸಂಬಳದ ಬಾಬ್ತು
ನನ್ನ ಪಾಲಿಗೆ ಈ ನೀಲಿ ಗೌನು.
ಮಾರಲೆಂದು ಅಂಚು ಬಿಚ್ಚಿದೆ.
ನಾನು ಹಾಕದ ಒರಟು ಹೊಲಿಗೆ,
ಒಳಗೊಂದು ಹಾಲುಹಲ್ಲು.