ಶ್ರುತಿ ಬೇಡದ್ದು

ಟಿಬಿಲಿಸಿಯ ಈ ಕಟ್ಟಡದ ಲಿಫ್ಟಿಗೆ
ಮೇಲೆ ಹೋಗಬೇಕಾದರೆ ಒಂದು ನಾಣ್ಯ ಹಾಕಬೇಕು.
ಇಳಿಯುವುದು ಪುಕ್ಕಟೆ.
ಏಳನೇ ಮಹಡಿ. ವರ್ಷಕ್ಕೆರಡು ಸಲ, ಮೂವತ್ತೊಂದು ವರ್ಷ,
ಚೀಲದಲ್ಲಿ ಶ್ರುತಿಯ ಕೀಲಿ, ಬೀದಿಯ ಗದ್ದಲಕ್ಕೆ ಕಿವಿಯಲ್ಲಿ ಹತ್ತಿ,
ಹೀಗೇ ಬಂದಿದ್ದೇನೆ.

ಮಕ್ವಾಲಾ ಬಾಗಿಲು ತೆರೆದಳು, ನೆಲ ನೋಡುತ್ತ:
"ಬೇಜಾರು ಮಾಡಿಕೋಬೇಡ ಗುರಾಮ್.
ಮೊಮ್ಮಗಳಿಗೆ ಒಂದು ತಂದಿದ್ದೇವೆ."

ಕಿಟಕಿಯ ಬಳಿ, ಇಸ್ತ್ರಿಯ ಹಲಗೆಯಂತೆ ಕಾಲು ಮಡಚುವ
ಕೀಬೋರ್ಡು. ಹನ್ನೊಂದು ಕಿಲೋ.
ಗೋಡೆಗೆ ಬೆನ್ನು ಕೊಟ್ಟು ಹಳೆಯದು, ಲೆನಿನ್‌ಗ್ರಾಡಿನ ಕಾರ್ಖಾನೆಯದು;
ಅದನ್ನು ಹತ್ತಿಸಲು ಅಂದು ಐದು ಜನ, ಹಗ್ಗ,
ಎರಡು ಬಾಟಲಿ ದ್ರಾಕ್ಷಿಯ ಸಾರಾಯಿ,
ಮತ್ತು ಐವರ ಬಾಯಲ್ಲಿದ್ದ ಎಲ್ಲ ಬೈಗುಳವೂ ಬೇಕಾಯಿತು.

ಕೇತೋ, ಹನ್ನೆರಡರ ಹುಡುಗಿ, ಗುಂಡಿ ಒತ್ತಿ ತೋರಿಸುತ್ತಾಳೆ:
ಇದು ಚರ್ಚಿನ ಆರ್ಗನ್, ಇದು ಪಿಟೀಲು, ಇದು ಮಳೆ.
ಇದು ಪಿಯಾನೋ ಒಂದು. ಇದು ಪಿಯಾನೋ ಎರಡು.
ಬಿಳಿ ಮನೆಯೊಂದನ್ನು ಒತ್ತಿದೆ.
ಚೆನ್ನಾಗಿದೆ. ಸುಳ್ಳು ಹೇಳಲಾರೆ, ತುಂಬ ಚೆನ್ನಾಗಿದೆ.
ಎಲ್ಲೋ ಒಂದು ದೇಶದಲ್ಲಿ ಒಂದು ಒಳ್ಳೆಯ ಪಿಯಾನೋವನ್ನು
ನನ್ನಂಥವನೊಬ್ಬ ಬೆಳಗೆಲ್ಲ ಕೂತು ಶ್ರುತಿ ಮಾಡಿ ಎದ್ದ ಮೇಲೆ
ಯಾರೋ ಅದರ ಒಂದೊಂದೇ ಸ್ವರವನ್ನು
ಉಪ್ಪಿನಕಾಯಿಯ ಹಾಗೆ ಜಾಡಿಗೆ ಹಾಕಿ ಬಾಯಿ ಕಟ್ಟಿದ್ದಾರೆ.
ಆ ಮಂಗಳವಾರ ಇನ್ನು ಮುಗಿಯುವುದಿಲ್ಲ.

ಎರಡಕ್ಕೂ ಎಂಬತ್ತೆಂಟೇ ಮನೆ, ಲೆಕ್ಕ ಸರಿ.
ಆದರೆ ಹಳೆಯದು ಮಾರ್ಚಿನ ತೇವಕ್ಕೆ ಉಬ್ಬುತ್ತದೆ,
ಹೀಟರು ಹಚ್ಚಿದರೆ ಮುನಿದು ಕುಗ್ಗುತ್ತದೆ,
ನಡುವಿನ ಕರಿ ಮನೆಯೊಂದು ಕೂತರೆ ಏಳುವುದಿಲ್ಲ,
ಮನೆಯಳಿಯನ ಹಾಗೆ.
ಎದುರಿಗೆ ನಿಂತು, ಬಲಗಡೆಯ ಪೆಡಲು ತುಳಿದು, ಒಮ್ಮೆ ಕೆಮ್ಮಿ:
ಒಳಗಿನ ಇನ್ನೂರು ಚಿಲ್ಲರೆ ತಂತಿ
ನಿಮ್ಮ ಕೆಮ್ಮನ್ನು ಮೆಲ್ಲಗೆ ವಾಪಸು ಕೊಡುತ್ತವೆ.
ಕೀಬೋರ್ಡಿನ ಎದುರೂ ಕೆಮ್ಮಿ ನೋಡಿದೆ.
ಕೇತೋ ನೀರು ತಂದುಕೊಟ್ಟಳು.

ಆ ಚಳಿಗಾಲ ನೆನಪಿದೆಯೇ ಎಂದೆ. ಮಕ್ವಾಲಾ ನಕ್ಕಳು.
ಊರಿಗೇ ಕರೆಂಟಿಲ್ಲ. ಮೊದಲು ಕುರ್ಚಿಗಳು ಒಲೆಗೆ ಹೋದವು,
ಆಮೇಲೆ ಪುಸ್ತಕದ ಕಪಾಟು, ಆಮೇಲೆ
ಪಿಯಾನೋದ ಮುಂದಿನ ಹಲಗೆ.
ಅಲ್ಲಿಗೆ ಅವಳ ಗಂಡ ಕೊಡಲಿ ಕೆಳಗಿಟ್ಟ.
ಅಂದಿನಿಂದ ಅದು ಬರಿಮೈ, ಸುತ್ತಿಗೆಗಳ ಸಾಲೆಲ್ಲ ಹೊರಗೆ.
ಕೈಗವಸಿನ ಬೆರಳ ತುದಿ ಕತ್ತರಿಸಿಕೊಂಡು
ಕತ್ತಲಲ್ಲಿ ನುಡಿಸುತ್ತಿದ್ದಳು;
ಏಳು ಮಹಡಿಯ ಮಂದಿ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದರು,
ಒಬ್ಬರ ಮುಖ ಒಬ್ಬರಿಗೆ ಕಾಣದೆ.

"ಈಗ ನುಡಿಸಿದರೆ ಕೆಳಗಿನವನು ಕೋಲಿನಿಂದ ಸೂರು ತಿವಿಯುತ್ತಾನೆ.
ಅವನ ಕೂಸು ಮಲಗಬೇಕಲ್ಲ."
ಅದೂ ಸರಿಯೇ.

ಕೇತೋ ಹೆಡ್‌ಫೋನು ಹಾಕಿಕೊಂಡು ಶುರುಮಾಡಿದಳು.
ನನಗೆ ಕೇಳಿದ್ದು ಪ್ಲಾಸ್ಟಿಕ್ಕಿನ ಟಕ್ ಟಕ ಟಕ್,
ದೂರದ ಅಡುಗೆಮನೆಯಲ್ಲಿ ಯಾರೋ ತರಕಾರಿ ಹೆಚ್ಚಿದಂತೆ.
ಆದರೆ ಅವಳ ಹುಬ್ಬು!
ಎಲ್ಲಿ ತಪ್ಪಿದಳು, ಎಲ್ಲಿ ತಿದ್ದಿಕೊಂಡಳು,
ಎಲ್ಲಿ ತನ್ನನ್ನೇ ಮರೆತು ಹರಿದಳು,
ಎಲ್ಲ ಅಲ್ಲೇ ಓದಿದೆ.

ಚೀಲ ಬಿಚ್ಚಿ ಹಳೆಯದರ ಮುಂದೆ ಕೂತೆ.
ಯಾರೂ ಮಾಡು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.
ಒಂದೇ ಸ್ವರಕ್ಕೆ ಮೂರು ತಂತಿ: ಒಂದರ ಬಾಯಿ ಮುಚ್ಚಿ, ಎರಡನ್ನು ಕೂಡಿಸುತ್ತ,
ನಡುವೆ ತೊನೆಯುವ ಅಲೆ ನಿಧಾನ, ನಿಧಾನ,
ನಿಲ್ಲುವ ತನಕ.
ಹುಡುಗಿ ಹೆಡ್‌ಫೋನು ಸರಿಸಿ ಒಂದು ಕಿವಿ ಈಚೆ ಬಿಟ್ಟಳು.
"ಇದಕ್ಕೆ ಏನಾಗಿತ್ತು?"
ಏನಿಲ್ಲ ಎಂದೆ.
ಆರು ತಿಂಗಳಾಗಿತ್ತು, ಅಷ್ಟೆ.