ಮೂರು ಬಾತುಕೋಳಿ ಶಾಲೆ

ಶಾಲೆಯ ಹೆಸರು? ಎಂದು ಕೇಳುತ್ತದೆ ನಮೂನೆ.
ಹನ್ನೆರಡು ವರ್ಷದ ಹಿಂದೆ ಐದರ ಐಲಿ
ಮೇಣದ ಬಣ್ಣದಲ್ಲಿ ಅಡುಗೆಮನೆ ಬಾಗಿಲಿಗೆ ಗೀಚಿದ್ದಳು:
ಮೂರು ಬಾತುಕೋಳಿ ಶಾಲೆ.
ಬಾತುಗಳನ್ನು ನರಿ ಒಯ್ದು ಕಾಲವಾಯಿತು.
ಹೆಸರು ಉಳಿದಿದೆ. ಅದನ್ನೇ ಟೈಪು ಮಾಡುತ್ತೇನೆ.

ಪ್ರಾಂಶುಪಾಲರು: ನಾನು.
ಸಲಹೆಗಾರರು: ನಾನೇ.
ಮಧ್ಯಾಹ್ನ ಸೂಪು ಬಡಿಸಿದವಳಿಗೆ ಕಾಲಂ ಇಲ್ಲ.
ತರಗತಿಯಲ್ಲಿ ಎಷ್ಟನೆಯ ಸ್ಥಾನ? ಒಂದು.
ಒಟ್ಟು ವಿದ್ಯಾರ್ಥಿಗಳು? ಒಂದು.
ಇದನ್ನೋದಿ ಯಾವುದೋ ಕಚೇರಿಯಲ್ಲಿ ಯಾರೋ ನಕ್ಕಾರು.
ನಗಲಿ.

ಕಿಟಕಿಯಾಚೆ ಕೊಲ್ಲಿ ಹೆಪ್ಪುಗಟ್ಟುತ್ತಾ ನರಳುತ್ತಿದೆ.
ಮಿಶಿಗನ್ನಿನ ಈ ತುದಿಯಲ್ಲಿ ಬೆಳಗಾಗುವುದು ಒಂಬತ್ತಕ್ಕೆ;
ರೂಬೆನ್ ಮೂರಕ್ಕೇ ಹಿಮ ತಳ್ಳುವ ಲಾರಿ ಹತ್ತಿ ಹೋದ.
ನೂರ ಇಪ್ಪತ್ತು ತಾಸಿಗೆ ಒಂದು ಕ್ರೆಡಿಟ್ಟು;
ನಾಲ್ಕು ವರ್ಷದ ದಿನಚರಿಗಳನ್ನು ಹರವಿಕೊಂಡು
ಹಾಲಿನ ಲೆಕ್ಕ ಮಾಡುವವಳ ಹಾಗೆ ಕೂತಿದ್ದೇನೆ.

ಜೀವಶಾಸ್ತ್ರ: ಎ.
ಟ್ರೌಟ್ ಮೀನಿನ ಕರುಳು ಬಿಡಿಸಿದ್ದು ಇದೇ ಮೇಜಿನ ಮೇಲೆ,
ಕಲೆ ಇನ್ನೂ ಇದೆ, ಬೇಕಾದವರು ಬಂದು ನೋಡಿಕೊಳ್ಳಲಿ.
ಇಂಗ್ಲಿಷು: ಎ. ನನ್ನ ಸ್ಪೆಲ್ಲಿಂಗು ತಿದ್ದುವವಳೇ ಅವಳು.
ಟ್ರಿಗನಾಮೆಟ್ರಿ ನನಗೇ ಬಾರದ್ದು.
ಅವಳು ಕಲಿತಳು, ನನಗೂ ಕಲಿಸಿದಳು,
ನನಗೆ ತಿಳಿಯಲಿಲ್ಲ. ಅಂಕ ಯಾರದ್ದು ಕಳೆಯಲಿ?
ಎ ಎಂದು ಬರೆದೆ.
ಹೆತ್ತವರಿಗೆ ಹೆಗ್ಗಣ ಮುದ್ದು ಅಂದುಕೊಂಡಾರೆಂದು
ಅಳಿಸಿ, ಬಿ ಎಂದು ಬರೆದೆ.

ರಸಾಯನಶಾಸ್ತ್ರಕ್ಕೆ ನಮ್ಮ ಶೆಡ್ಡು ಸಾಲಲಿಲ್ಲ,
ಮೊದಲ ಚಳಿಗೇ ಗಾಜಿನ ಬುರುಡೆಗಳು ಸೀಳಿದವು.
ಆಮೇಲೆ ಮಂಗಳವಾರ, ಗುರುವಾರ
ನಲವತ್ತು ಮೈಲಿಯಾಚೆಯ ಕಾಲೇಜಿಗೆ.
ಮುಂದೆ ಅಪ್ಪನ ಲಾರಿ, ಹಿಂದೆ ಅವಳ ತುಕ್ಕು ಕಾರು,
ನಡುವೆ ಆಗತಾನೆ ಕಣ್ಣುಬಿಟ್ಟ ಕಪ್ಪು ರಸ್ತೆ.
ತಾಯಿಯ ಶಿಫಾರಸು ನಡೆಯುವುದಿಲ್ಲವಾಗಿ
ಅಲ್ಲಿಯ ಬೆಂಡಿಕ್ಸ್ ಮೇಷ್ಟ್ರು ಬರೆದುಕೊಟ್ಟರು:
‘ಈ ಹುಡುಗಿ ಪ್ರಶ್ನೆ ಕೇಳಲು ಕೈಯೆತ್ತುವುದಿಲ್ಲ,
ಕೇಳಿಯೇ ಬಿಡುತ್ತಾಳೆ.’
ಹೊಗಳಿದ್ದೋ, ದೂರಿದ್ದೋ.
ನಮ್ಮ ಮನೆಯಲ್ಲಿ ಕೈಯೆತ್ತುತ್ತಿದ್ದದ್ದು
ಮೇಲಿನ ಶೆಲ್ಫಿನ ಸಕ್ಕರೆಗೆ ಮಾತ್ರ.

ಎರಡನೆಯ ವರ್ಷ, ಫೆಬ್ರವರಿಯಿಂದಾಚೆ
ದಿನಚರಿಯ ಎಂಟು ವಾರ ಖಾಲಿ.
ಆಗ ರೂಬೆನ್ನನ ತಾಯಿ ಸೈಮಾ
ಮುಂದಿನ ಕೋಣೆಯಲ್ಲಿ ಮಲಗಿದ್ದರು.
ಇಂಗ್ಲಿಷು ಅವರನ್ನು ಬಿಟ್ಟುಹೋಗಿ
ಹುಟ್ಟಿದಂದಿನ ಫಿನ್ನಿಷ್ ಒಂದೇ ಬಾಯಲ್ಲುಳಿದಿತ್ತು.
ಐಲಿ ಪಕ್ಕದಲ್ಲಿ ಚಾಪೆ ಹಾಕಿಕೊಂಡಳು.
ನೀರಿಗೆ ವೆಸಿ, ಕಿಟಕಿಗೆ ಇಕ್ಕುನ,
ಸಾಕು ಎನ್ನುವುದಕ್ಕೆ ರೀತ್ತ;
ಕೊನೆಕೊನೆಗೆ ಅದೊಂದೇ ಮಾತು, ದಿನಕ್ಕೆ ಇಪ್ಪತ್ತು ಸಲ.
ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದನ್ನು
ಅವಳಿಗೆ ಯಾರೂ ಹೇಳಿಕೊಡಲಿಲ್ಲ.

ಲೆಕ್ಕ ಹಾಕುತ್ತೇನೆ.
ದಿನಕ್ಕೆ ಹನ್ನೆರಡು ತಾಸು ಹಿಡಿದರೂ ಐದೂವರೆ ಕ್ರೆಡಿಟ್ಟು.
ದುರಾಸೆ ಬೇಡ.
ಆರೋಗ್ಯ ವಿಜ್ಞಾನ, ಅರ್ಧ.
ವಿದೇಶಿ ಭಾಷೆ, ಅರ್ಧ.
ಎರಡಕ್ಕೂ ಕಣ್ಣು ಮುಚ್ಚಿ ಎ.

ಹಿಂದಿನಿಂದ ಬಂದು ನಿಂತಿದ್ದಾಳೆ,
ಸೀಳಿದ ಬರ್ಚ್ ಕಟ್ಟಿಗೆಯ ವಾಸನೆ ಅವಳ ತೋಳಿಂದ.
‘ಅದು ಪಾಠ ಅಲ್ಲಮ್ಮಾ.’
‘ಹಾಗಾದರೆ ಆ ಎಂಟು ವಾರ ಏನು ಮಾಡಿದೆ ಅಂತ ಕೇಳಿದರೆ?’
‘ಬೀಜಗಣಿತದಲ್ಲಿ ಹಿಂದೆ ಬಿದ್ದೆ ಅಂತ ಬರಿ. ನಿಜವೇ ತಾನೆ.’
ಕೈ ಚಾಚಿ ತಾನೇ ಅಳಿಸಿದಳು.
ಮೇಲಿನ ಸಾಲು, ಕೆಳಗಿನ ಸಾಲು
ನಡುವೆ ಏನೂ ಇರಲೇ ಇಲ್ಲವೆಂಬಂತೆ ಕೂಡಿಕೊಂಡವು.

‘ಪ್ರಬಂಧದಲ್ಲಾದರೂ ಒಂದು ಮಾತು...’ ಅಂದೆ.
‘ರೀತ್ತ,’ ಅಂದಳು,
ಥೇಟು ಮುದುಕಿಯ ದನಿ.

ಆಮೇಲೆ ಬಾಗಿ, ಪರದೆಯ ಮೇಲೆ ಬೆರಳಿಟ್ಟು,
‘ಟ್ರಿಗನಾಮೆಟ್ರಿಗೆ ಬಿ ಯಾಕೆ?’

ದಾರಿಯ ತಿರುವಿನಲ್ಲಿ ರೂಬೆನ್ನನ ಲಾರಿಯ
ಹಳದಿ ದೀಪ ಸುತ್ತುತ್ತಾ ಬರುತ್ತಿತ್ತು.
ಪ್ರಾಂಶುಪಾಲರು ಕಾಫಿಗಿಡಲು ಎದ್ದರು.